ಶನಿವಾರ ಅವಳದು, ಭಾನುವಾರ ಅವನದು

ಬಾಗಿಲು ತೆರೆದವನು ಅವನೇ.

ಗೆಳತಿ ತೆರೆಯುತ್ತಾಳೆಂದು ಮುಖದ ತುಂಬ ನಗು ಹೊತ್ತು ನಿಂತಿದ್ದಳು ಅವಳು. ಆ ನಗು ಎತ್ತ ಹೋಯಿತೋ... ಕೈಯಲ್ಲಿದ್ದ ಹಣ್ಣಿನ ಚೀಲ ಒಮ್ಮೆಲೇ ಭಾರವಾಯಿತು.

"ಇವತ್ತು ಸೋಮವಾರ," ಎಂದ ಅವನು, ಸಿಕ್ಕಿಬಿದ್ದವನ ಹಾಗೆ.

"ಗೊತ್ತು. ರಜೆ."

"ಸೋಮವಾರ ಯಾರದು ಅಂತ ಅತ್ತಿಗೆ ಹೇಳಿರ್ಲಿಲ್ಲ. ಅದಕ್ಕೇ ಬಂದೆ."

"ನಾನೂ ಅದಕ್ಕೇ ಬಂದೆ."

ಇದೇನು ವಾರಗಳಿಗೂ ಪಾಲೇ ಎಂದು ನೀವು ಹುಬ್ಬೇರಿಸಬಹುದು. ಹೌದು, ಈ ಮನೆಯಲ್ಲಿ ಹಾಗೇ ಇತ್ತು.

ಇದು ಅವಳ ಗೆಳತಿಯ ಮನೆ. ಗೆಳತಿಯ ಗಂಡ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಅವಳ ಬಾಯಲ್ಲಿ ಭಾವ. ಆ ಮೇಷ್ಟ್ರ ಬಾಲ್ಯದ ಗೆಳೆಯನೇ ಇವನು, ಲಿಫ್ಟ್ ಮೆಕ್ಯಾನಿಕ್; ಗೆಳತಿ ಇವನಿಗೆ ಅತ್ತಿಗೆ. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮೊದಲೆಲ್ಲ ಶನಿವಾರ, ಭಾನುವಾರ, ರಜೆ, ಹುಟ್ಟುಹಬ್ಬ ಎಲ್ಲವೂ ನಾಲ್ವರಿಗೂ ಇಲ್ಲೇ. ಇಸ್ಪೀಟು, ಹರಟೆ, ಕಾಲೆಳೆಯುವುದು. ಊಟವಾದ ಮೇಲೆ ಅವಳದೂ ಇವನದೂ ಪಾತ್ರೆ ತೊಳೆಯುವ ಸರದಿ. ಪ್ರೀತಿ ಹುಟ್ಟಿದ್ದು ಆ ನಲ್ಲಿಯ ಕೆಳಗೇ.

ಹೋದ ವರ್ಷ ರಜೆಯೆಂದು ಎಲ್ಲರೂ ಕೆರೆಯ ದಂಡೆಗೆ ಹೋಗಿದ್ದಾಗ ಭಾವ ತಮಾಷೆಗೆ ಕೇಳಿದ್ದರು, "ಮದುವೆ ಊಟ ಯಾವಾಗ್ರಪ್ಪಾ?"

ಇವನು ನಗುತ್ತ, "ಏನವಸರ? ಹೀಗೇ ಚೆನ್ನಾಗಿದೀವಲ್ಲ," ಎಂದುಬಿಟ್ಟ.

ಅವಳು ಎದ್ದು ಸೀದಾ ಬಸ್ಸು ಹತ್ತಿದಳು. ಆ ಸಂಜೆ ಅವನು ಬಂದು ಬಾಗಿಲು ತಟ್ಟಿದರೂ ತೆರೆಯಲಿಲ್ಲ. ಸಿಟ್ಟು ಇಳಿಯುವಷ್ಟರಲ್ಲಿ ಗೆಳತಿಯ ಫೋನು ಬಂತು. "ಇನ್ಮೇಲೆ ನೀನು ಶನಿವಾರ ಬಾ ಕಣೇ. ಅವನು ಭಾನುವಾರ ಬರ್ತಾನೆ."

ನನ್ನ ಮುಖ ನೋಡುವುದೂ ಬೇಡವಾಯಿತೇ ಅವನಿಗೆ... ಅವಳು ಹೂಂ ಎಂದಿದ್ದಳು. ಅಲ್ಲಿಂದ ಒಂದು ರಜೆಯೂ ಅವಳಿಗೆ ರಜೆ ಅನ್ನಿಸಿರಲಿಲ್ಲ.

ಈಗ ಮೇಷ್ಟ್ರಿಗೆ ದೂರದೂರಿಗೆ ವರ್ಗವಾಗಿದೆ. ನಾಳೆ ಸಾಮಾನು ಲಾರಿ ಹತ್ತುತ್ತದೆ. ನಡುಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು, ಗೋಡೆಯ ಮೇಲೆ ಚಿತ್ರಗಳಿದ್ದ ಜಾಗದಲ್ಲಿ ಚೌಕಾಕಾರದ ಬಿಳಿ ಗುರುತುಗಳು.

"ಅವರಿಬ್ಬರೂ?"

"ಹಗ್ಗ ತರೋಕೆ ಹೋಗಿದಾರೆ. ನೀನು ಕೂತ್ಕೋ, ನಾನು ಹೊರಡ್ತೀನಿ. ನಿನಗ್ಯಾಕೆ ಕಷ್ಟ."

ಅವನು ಚಪ್ಪಲಿ ಮೆಟ್ಟಿದ. ಹೋಗಲಿ ಬಿಡು ಎಂದಿತು ಅವಳ ಹಟ. ಆದರೆ ಅವನು ಇವತ್ತು ಆ ಗೇಟು ದಾಟಿದರೆ, ಇಬ್ಬರಿಗೂ ಸೇರಿದ ಇನ್ನೊಂದು ಮನೆ ಈ ಊರಲ್ಲಿ ಇಲ್ಲ. ಅವನು ಗೇಟಿಗೆ ಕೈ ಹಾಕಿದ.

"ನಾಳೆಯಿಂದ ನಿನ್ನ ಸುದ್ದಿ ನಾನು ಯಾರನ್ನ ಕೇಳ್ಲಿ?"

ಅವಳು ಕೂಗಿ ಕೇಳಿದಳು. ಅವನು ತಿರುಗಿದ.

"ಶನಿವಾರ ಶನಿವಾರ ನಾನು ಬರ್ತಿದ್ದಿದ್ದು ಊಟಕ್ಕೆ ಅಂದ್ಕೊಂಡ್ಯಾ? ನಿಮ್ಮತ್ತಿಗೆ ಮಾತಿನ ಮಧ್ಯೆ ಎಲ್ಲಾದ್ರೂ ನಿನ್ನ ಹೆಸರು ಎತ್ತುತ್ತಾಳಾ ಅಂತ ಕಾಯ್ತಾ ಕೂತಿರ್ತಿದ್ದೆ. ಅವನಿಗೆ ನೆಗಡಿಯಂತೆ, ಅವನು ಕೂದಲು ಕತ್ತರಿಸ್ಕೊಂಡ್ನಂತೆ... ಅಷ್ಟು ಸಾಕಿತ್ತು ನನಗೆ. ನಾಳೆಯಿಂದ ಅದೂ ಇಲ್ಲ."

ಅವನು ಗೇಟು ಹಿಡಿದೇ ನಿಂತ.

"ಭಾನುವಾರ ಅತ್ತಿಗೆ ಹಿಂದಿನ ದಿನ ಉಳಿದ ಅಡುಗೆ ಬಿಸಿ ಮಾಡಿದ್ರೆ, ನಾನು ಅದನ್ನೇ ಹಾಕಿಸ್ಕೋತಿದ್ದೆ. ಹೊಸದು ಬೇಡ ಅಂತಿದ್ದೆ. ನೀನು ಉಂಡಿದ್ದು ಅದನ್ನೇ ಅಲ್ವಾ."

"ಹಂಗಿದ್ರೆ ಬೇರೆ ದಿನ ಕೇಳ್ಕೊಂಡಿದ್ದು ಯಾಕೆ?"

"ನಾನೆಲ್ಲಿ ಕೇಳ್ದೆ? ನೀನು ಕೇಳಿದ್ದಲ್ವಾ?"

ಅಷ್ಟರಲ್ಲಿ ಗೇಟಿನಾಚೆ ಹಗ್ಗದ ಸುರುಳಿ ಹಿಡಿದು ಗೆಳತಿ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಯಾರೂ ಕೇಳಿರ್ಲಿಲ್ಲ. ನಾನೇ ಮಾಡಿದ್ದು," ಎಂದಳು. "ನೀವು ಎದುರಾದ್ರೆ ಜಗಳ ಆಗತ್ತೆ, ಇಬ್ರೂ ಬರೋದು ಬಿಟ್ಬಿಡ್ತೀರಿ ಅಂತ ಹೆದರ್ಕೊಂಡೆ. ನಿಮ್ಮನ್ನ ಬಿಟ್ರೆ ನಮಗಾದ್ರೂ ಯಾರಿದಾರೆ..." ಅವಳು ಅಳತೊಡಗಿದಳು. ಹಿಂದೆ ನಿಂತಿದ್ದ ಮೇಷ್ಟ್ರು ಹೆಂಡತಿಯ ಕೈಯಿಂದ ಹಗ್ಗ ತೆಗೆದುಕೊಂಡು, "ಬಾ, ಇನ್ನೂ ಟೇಪು ತರೋದಿದೆ," ಎಂದು ಮತ್ತೆ ಅಂಗಡಿಯ ಕಡೆಗೇ ನಡೆಸಿಕೊಂಡು ಹೋದರು. ಭಾವ ಜಾಣರು.

ಒಂದಿಡೀ ವರ್ಷ. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವಳಿಗೆ ಗೆಳತಿಯ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೇ ಬಂತು.

"ಆವತ್ತು ಕೆರೆ ಹತ್ರ ಹಾಗ್ಯಾಕಂದೆ?"

"ಹೆದರಿಕೆ. ಮದುವೆ ಅಂದ್ರೆ ನೀನು ಬೇಡ ಅಂದುಬಿಟ್ರೆ, ಈ ಶನಿವಾರ ಭಾನುವಾರಾನೂ ಹೋಗತ್ತಲ್ಲ ಅಂತ." ಅವನು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಕಣ್ಣು ತುಂಬಿತ್ತು. "ಕೊನೆಗೆ ಹೋಗೇ ಹೋಯ್ತು. ನನ್ನ ಕೈಲಿ ಇನ್ನು ಆಗಲ್ಲ ಕಣೇ. ಮದುವೆ ಆಗ್ತೀಯಾ?"

ಅವಳು ಅವನ ತೋಳು ಹಿಡಿದು, ಅಂಗಿಗೆ ಹಣೆಯೊತ್ತಿ, ಹೌದೆಂದು ತಲೆಯಾಡಿಸಿದಳು.

"ಈ ವಾರ ನಿನ್ನ ಮನೆಗೆ ಬರ್ಲಾ, ನಿಮ್ಮಮ್ಮನ್ನ ಕೇಳೋಕೆ? ಶನಿವಾರಾನಾ, ಭಾನುವಾರಾನಾ?"

"ಶನಿವಾರ ಬಾ."

"ಭಾನುವಾರ?"

"ಶನಿವಾರ ಬಂದೋನನ್ನ ಕಳಿಸಿದ್ರೆ ತಾನೇ."