ಗೋಣೆಪ್ಪನ ಸಫಾರಿ

ಒಡಹುಟ್ಟಿದ ಅಕ್ಕನೇ ಸಾಲಕ್ಕೆ ಜಾಮೀನು ನಿಲ್ಲಲಿಲ್ಲ ಎಂಬ ಸಿಟ್ಟು ಪರಮೇಶನಿಗೆ ಇನ್ನೂ ಇಳಿದಿರಲಿಲ್ಲ. ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಎದುರು ಖಾರದ ಅಂಗಡಿ ಹಾಕುವ ಅವನ ಕನಸನ್ನು ಭರಮವ್ವ ಒಂದೇ ಮಾತಿನಲ್ಲಿ ಮುಗಿಸಿದ್ದಳು. "ನಿನಗ ರೊಕ್ಕ ಕೊಡೂದಂದ್ರ ಹೊಳ್ಯಾಗ ಹುಣಸಿಹಣ್ಣು ತೊಳದಂಗಪಾ." ಅದನ್ನೂ ನಾಲ್ಕು ಮಂದಿಯ ಎದುರು ನಗುತ್ತ ಹೇಳಿದ್ದಳು. ಆ ನಗುವೇ ಅವನನ್ನು ಹೆಚ್ಚು ಉರಿಸಿದ್ದು.

ಈಗ ಆಕೆಯ ಮಗಳು ವಿದ್ಯಾಶ್ರೀಗೆ ಡಾಕ್ಟರ್ ಸೀಟು ಸಿಕ್ಕಿತ್ತು. ಫೀಸಿನಷ್ಟು ಸಾಲ ಕೊಡಲು ಬ್ಯಾಂಕಿನವರು ಒಪ್ಪಿದ್ದರು. ಅಷ್ಟೇ ಸಾಕೋ, ಇನ್ನೂ ಎತ್ತಬೇಕೋ ಎಂದು ಕೇಳಲು ಗಂಡನಿಲ್ಲದ ಭರಮವ್ವನಿಗೆ ಇದ್ದವನು ಒಬ್ಬನೇ ತಮ್ಮ.

"ಫೀಸು ಅಂದ್ರ ಹೊರಗಿಂದು, ಅಕ್ಕಾ. ಒಳಗಿಂದು ಬ್ಯಾರೇನ ಇರ್ತೈತಿ," ಎಂದ ಪರಮೇಶ. "ಐದು ಲಕ್ಷ. ಇಲ್ಲಂದ್ರ ಸೀಟು ಮುಂದಿನವರ ಪಾಲು."

"ಎಲಿತೋಟ ಒತ್ತಿ ಇಡಬೇಕಾಗ್ತೈತಲ್ಲೋ."

"ಮಾಮಾ, ಸರ್ಕಾರದವರು ಕೊಟ್ಟ ಸೀಟಿಗೂ ಒಳಗಿಂದು ಇರ್ತೈತೇನು?" ಎಂದಳು ವಿದ್ಯಾಶ್ರೀ.

"ಹಿಂಗ ಕೇಳಕೋತ ಹೋದ್ರ ಸೀಟ ಹೋಗ್ತೈತವ್ವಾ." ಹುಡುಗಿ ಹೆದರಿ ಒಳಗೆ ಹೋದಳು.

ಉಪಾಯದ ಚೆಂದ ನೋಡಿ ಪರಮೇಶನಿಗೆ ತನ್ನ ಮೇಲೆ ತನಗೇ ಪ್ರೀತಿ ಉಕ್ಕಿತು. ಒಳಗಿನ ರೊಕ್ಕಕ್ಕೆ ರಸೀದಿ ಇಲ್ಲ. ಕೊಟ್ಟವರು ಬಾಯಿಬಿಡುವಂತಿಲ್ಲ. ಅಕ್ಕನ ಮಗಳು ಡಾಕ್ಟರಾದ ಮೇಲಂತೂ ಹಳೆಯದನ್ನು ಕೆದಕುವವರೇ ಇಲ್ಲ. ಮರುದಿನ ತಾನೇ ಯಾರೊಂದಿಗೋ ಫೋನಿನಲ್ಲಿ ವಾದಿಸಿದಂತೆ ಮಾಡಿ ಐದನ್ನು ನಾಲ್ಕಕ್ಕೆ ಇಳಿಸಿದ. ಅಕ್ಕನ ಕಣ್ಣು ತುಂಬಿದವು. ಮೋಸದಲ್ಲೂ ರಿಯಾಯಿತಿ ಕೊಡುವವನು ತಾನೊಬ್ಬನೇ ಎಂದುಕೊಂಡ.

ಭರಮವ್ವ ವೀಳ್ಯದೆಲೆಯ ತೋಟವನ್ನು ಸೊಸೈಟಿಗೆ ಒತ್ತೆಯಿಟ್ಟು ರೊಕ್ಕ ತಂದಳು. ಆದರೆ ತಮ್ಮನ ಕೈಗೆ ಕೊಡಲಿಲ್ಲ.

"ಆ ಸಾಹೇಬ್ರನ್ನ ಮನೀಗೆ ಕರಕೊಂಬಾ. ನಮ್ಮ ಹುಡುಗಿಗಿ ಇಷ್ಟು ಮಾಡೋರು ಒಂದು ತುತ್ತು ಉಣ್ಣದ ಹ್ಯಾಂಗಿರ್ತಾರ? ನನ್ನ ಕೈಲೇ ಕೊಡ್ತೇನಿ."

ಪರಮೇಶ ಕಂಗೆಡಲಿಲ್ಲ. ಹಿರೇಕೆರೂರಿನ ಗೋಣೆಪ್ಪ ಊರೂರ ನಾಟಕಗಳಲ್ಲಿ ದಾನಶೂರ ಗೌಡನ ಪಾರ್ಟು ಮಾಡುವವನು. ಅಕ್ಕನ ಊರಾದ ಸವಣೂರಿನಲ್ಲಿ ಅವನ ಗುರುತು ಯಾರಿಗೂ ಇಲ್ಲ. ಸಾಹೇಬನ ವೇಷಕ್ಕೆ ಕೂಲಿ, ಅದೂ ಕೆಲಸ ಆದಮೇಲೆ, ಎಂದು ಒಪ್ಪಂದವಾಯಿತು.

"ಡೈಲಾಗ್ ಎಷ್ಟು ಅದಾವ್ರಿ?"

"ಡೈಲಾಗ್ ಇಲ್ಲ. ಉಣ್ಣೂದು, ತಗೊಳ್ಳೂದು, ಏಳೂದು."

ಗೋಣೆಪ್ಪನಿಗೆ ಸ್ವಲ್ಪ ಬೇಸರವಾಯಿತು. ಪರಮೇಶನೇ ನಿಂತು ಅವನಿಗೆ ಇಸ್ತ್ರಿ ಮಾಡಿದ ಸಫಾರಿ ತೊಡಿಸಿದ. ಕೈಗೆ ಗಡಿಯಾರ, ಮೂಗಿಗೆ ಕನ್ನಡಕ, ಜೇಬಿಗೆ ಎರಡು ಪೆನ್ನು. ಗೋಣೆಪ್ಪನ ಮಾಸಿದ ಅಂಗಿ, ಹರಕು ಪಾಕೀಟು, ಬೀಡಿಕಟ್ಟು ಎಲ್ಲವನ್ನೂ ಸ್ಕೂಟರಿನ ಡಿಕ್ಕಿಗೆ ಹಾಕಿ ಬೀಗ ಜಡಿದ.

ಭರಮವ್ವ ಹೋಳಿಗೆ ಮಾಡಿದ್ದಳು. ಸೀಟಿನ ಸಾಹೇಬರನ್ನು ನೋಡಲು ಪಕ್ಕದ ಮನೆಯ ಲಾಲಬಿಯೂ ಬಂದು ಕುಳಿತಳು. ಗೋಣೆಪ್ಪ ಗಂಭೀರವಾಗಿ ಉಂಡ. ಭರಮವ್ವ ಅರಿಶಿನ ಬಟ್ಟೆಯ ಗಂಟನ್ನು ಅವನ ಕೈಗಿಟ್ಟಳು. ಶಿಗ್ಗಾವಿಯ ಅಂಗಡಿಗೆ ಯಾವ ಬಣ್ಣದ ಬೋರ್ಡು ಎಂದು ಯೋಚಿಸುತ್ತ ಪರಮೇಶ ಚಪ್ಪಲಿ ಮೆಟ್ಟಿದ.

"ಸಾಹೇಬ್ರ ಕಾಲಿಗೆ ಬೀಳವ್ವಾ," ಎಂದಳು ಭರಮವ್ವ. ವಿದ್ಯಾಶ್ರೀ ಬಾಗಿ ಎರಡೂ ಪಾದ ಹಿಡಿದಳು. ಕಾಲಿಗೆ ಬಿದ್ದ ಮಗುವನ್ನು ಬರಿಗೈಲಿ ಎಬ್ಬಿಸುವ ಹಿರಿಯರು ಈ ಸೀಮೆಯಲ್ಲಿಲ್ಲ. ಗೋಣೆಪ್ಪನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಎರಡು ಪೆನ್ನು. ಇನ್ನೊಂದು ಜೇಬು ಖಾಲಿ. ಪ್ಯಾಂಟಿನದೂ ಖಾಲಿ. ಹುಡುಗಿ ಬಾಗಿಯೇ ಇದ್ದಳು, ಲಾಲಬಿ ನೋಡುತ್ತಲೇ ಇದ್ದಳು. ಗೋಣೆಪ್ಪನೊಳಗಿನ ಗೌಡ ಎದೆಯುಬ್ಬಿಸಿ ಎದ್ದು, ಇಡೀ ಗಂಟನ್ನು ಹುಡುಗಿಯ ಕೈಗಿಟ್ಟ. "ನಿನ್ನಂಥಾಕಿಗೆ ಒಳಗಿಂದು ಬ್ಯಾಡವಾ ತಂಗಿ. ಚಲೋ ಓದು." ಭರಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ನಾಳೆಯೇ ತೋಟ ಬಿಡಿಸಿಕೊಳ್ಳುವೆನೆಂದು ಹೇಳಿ, ತಮ್ಮನನ್ನು ಮತ್ತೆ ಎಲೆಗೆ ಕೂರಿಸಿ ತುಪ್ಪ ಸುರಿದಳು. "ಇಂಥ ದೇವರಂಥ ಮನಷ್ಯಾನ್ನ ಹುಡುಕಿದ್ದು ನೀನ ಅಲ್ಲೇನೋ." ಇಸ್ತ್ರಿ, ಗಡಿಯಾರ, ಕನ್ನಡಕ, ಪೆನ್ನು ಎಲ್ಲವನ್ನೂ ನೆನಪಿಟ್ಟಿದ್ದ ಪರಮೇಶ, ಆ ಸಫಾರಿಯ ಜೇಬಿಗೆ ಒಂದು ಹತ್ತರ ನೋಟು ಹಾಕುವುದನ್ನು ಮಾತ್ರ ಮರೆತಿದ್ದ.