ಏಳನೇ ಕೊಠಡಿಯ ಹೆಂಗಸು

“ಅಲ್ಲಾಡಿದ್ರೆ ಸುಟ್ಟುಬಿಡ್ತೀನಿ!”

ಪಿಸ್ತೂಲಿನ ಮೂತಿ ನನ್ನ ಬೆನ್ನಿಗೆ ಒತ್ತಿತ್ತು.

ಅಲ್ಲಾಡುವ ಉತ್ಸಾಹ ಯಾರಿಗಿತ್ತು? ಐವತ್ತೆಂಟರ ವಯಸ್ಸು, ಸವೆದ ಮಂಡಿ, ಇಪ್ಪತ್ತೈದು ವರ್ಷದ ಪತ್ತೇದಾರಿಕೆ... ನಿಂತಲ್ಲೇ ನಿಲ್ಲು ಎಂದರೆ ಸಂತೋಷವೇ!

ನೀವು ನಂಬಬೇಕು, ಅವತ್ತು ನಾನು ಕೇಸಿನ ಮೇಲೆ ಬಂದಿರಲಿಲ್ಲ. ಗೆಳೆಯರ ಜೊತೆ ಹಾಯಾಗಿ ಸಂಜೆ ಕಳೆಯಲು ಬಂದಿದ್ದೆ. ಅದೂ ಆರ್ಟ್ ಮ್ಯೂಸಿಯಮ್ಮಿಗೆ!

ಕರೆದವನು ಪೇಂಟರ್. ಕಾಲೇಜಿನಿಂದಲೂ ಗೆಳೆಯ. ಜೊತೆಗೆ ನಮ್ಮ ಡಾಕ್ಟರ್. ಮೂವರಲ್ಲಿ ತಲೆ ಇರುವವಳು ಆಕೆಯೊಬ್ಬಳೇ.

“ಮುಚ್ಚೋಕೆ ಇನ್ನೂ ಒಂದು ಗಂಟೆ ಇದೆ, ಬನ್ರೋ!” ಎಂದು ಪೇಂಟರ್ ನಮ್ಮನ್ನು ಏಳನೇ ಕೊಠಡಿಗೆ ಎಳೆದುಕೊಂಡು ಹೋದ. ಬೇರೆ ಯಾರೂ ಇರಲಿಲ್ಲ. ಒಂದೇ ಚಿತ್ರದ ಮುಂದೆ ನಿಲ್ಲಿಸಿದ.

ಕಿಟಕಿಯ ಬಳಿ ಕೂತು ಬಟ್ಟೆ ಹೊಲಿಯುವ ಹೆಂಗಸು. ಇನ್ನೂರು ವರ್ಷ ಹಳೆಯದೆಂದು ಪಕ್ಕದ ಬೋರ್ಡು ಹೇಳುತ್ತಿತ್ತು.

ನಾನು ಅವಳ ಕೈ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರದಂಥ ಸುಟ್ಟ ಕಲೆ.

ಆ ಕಲೆ ನನಗೆ ಗೊತ್ತು. ಆ ಕೈ ನನಗೆ ಎಷ್ಟು ಸಲ ಊಟ ಬಡಿಸಿತ್ತೋ! ಪೇಂಟರನ ಹೆಂಡತಿಯದು. ಅತ್ತಿಗೆ ತೀರಿಹೋಗಿ ಮೂರು ವರ್ಷ.

“ಇದು ನೀನು ಬರೆದದ್ದು,” ಎಂದೆ.

ಅವನು ನಕ್ಕ. ಕಣ್ಣು ಒದ್ದೆಯಾಗಿತ್ತು.

“ಮೂವತ್ತು ವರ್ಷ ಈ ಬಾಗಿಲಿಗೆ ಅಲೆದೆ ಕಣೋ. ನಂದೊಂದು ಚಿತ್ರಾನೂ ತಗೊಳ್ಳಲಿಲ್ಲ. ಈಗ ನೋಡು! ನಾಲ್ಕು ತಿಂಗಳಿಂದ ಜನ ಇವಳ ಮುಂದೆ ನಿಂತು ನೋಡ್ತಿದಾರೆ.”

“ಅಸಲಿ ಎಲ್ಲಿ?”

“ಸೆಕ್ಯುರಿಟಿ ಸಾಹೇಬ್ರ ಹತ್ರ. ಬದಲಾಯಿಸಿದ್ದು ಅವರೇ. ನಾಳೆ ಹಡಗು ಹತ್ತುತ್ತೆ...”

ಅವನ ಮಾತು ಮುಗಿಯುವ ಮೊದಲೇ ನನ್ನ ಬೆನ್ನಿಗೆ ಪಿಸ್ತೂಲು ತಗುಲಿತು. ಅದೇ ಸಾಹೇಬ! ಓರೆಗಣ್ಣಿಗೆ ಇಸ್ತ್ರಿ ಮುರಿಯದ ಯೂನಿಫಾರಂ ಕಂಡಿತು.

“ಮೂವರೂ ಕೆಳಗಿನ ಗೋಡೌನಿಗೆ ನಡೀರಿ.”

“ಅವನಿಗೆ ಮಂಡಿನೋವು. ಮೆಟ್ಟಿಲು ಇಳಿಯೋಕಾಗಲ್ಲ,” ಎಂದಳು ಡಾಕ್ಟರ್. ಹೇಳುತ್ತಲೇ ಚಿತ್ರದ ಚೌಕಟ್ಟು ಹಿಡಿದು ಜಗ್ಗಿದಳು.

ಅಲಾರಂ ಕಿರುಚಿಕೊಂಡಿತು!

ನಾನು ತಿರುಗಿ ಮೊಣಕೈಯಿಂದ ಗುದ್ದಿದೆ. ಗುಂಡು ಹಾರಿತು. ಪಿಸ್ತೂಲು ನೆಲಕ್ಕೆ ಬಿತ್ತು. ಸಾಹೇಬ ಓಡಿದ. ನಾನು ಹಿಂದೆ... ಆರನೇ ಕೊಠಡಿ, ಐದನೇ ಕೊಠಡಿ... ಪ್ರತಿ ಹೆಜ್ಜೆಗೂ ಮಂಡಿ ಶಾಪ ಹಾಕುತ್ತಿತ್ತು.

ಓಡುವ ಅಗತ್ಯವೇ ಇರಲಿಲ್ಲ! ಅಲಾರಂ ಆದೊಡನೆ ಹೊರಬಾಗಿಲಿನ ಕಬ್ಬಿಣದ ಶಟರ್ ತಾನಾಗಿ ಇಳಿದಿತ್ತು. ಹೋದ ವರ್ಷ ಅವನೇ ಹಾಕಿಸಿದ್ದು. ಅದನ್ನೇ ಬಡಿಯುತ್ತ ನಿಂತಿದ್ದ. ಅವನ ಬೆಲ್ಟಿನಿಂದಲೇ ಕೈ ಕಟ್ಟಿದೆ.

ಹಿಂತಿರುಗಿದಾಗ ಪೇಂಟರ್ ನೆಲದ ಮೇಲಿದ್ದ. ಡಾಕ್ಟರ್ ಅವನ ಭುಜಕ್ಕೆ ತನ್ನ ಸ್ಕಾರ್ಫ್ ಒತ್ತಿ ಹಿಡಿದಿದ್ದಳು.

“ಗುಂಡು ಚಿತ್ರಕ್ಕೆ ಬೀಳುತ್ತೆ ಅಂತ ಅಡ್ಡ ನಿಂತ, ಪೆದ್ದ! ಬದುಕ್ತಾನೆ ಬಿಡು.” ಆಕೆ ಸ್ಕಾರ್ಫನ್ನು ಇನ್ನಷ್ಟು ಬಿಗಿದಳು.

“ಅವಳಿಗೇನೂ ಆಗಿಲ್ವಲ್ಲ?” ಎಂದ ಪೇಂಟರ್.

“ಇಲ್ಲ.”

ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿದೆ. ಇನ್‌ಸ್ಪೆಕ್ಟರ್ ಕೇಳಿದ, “ಎಷ್ಟು ಜನಾನ ಕರ್ಕೊಂಡು ಹೋಗ್ಬೇಕು?”

ಡಾಕ್ಟರ್ ನನ್ನನ್ನೇ ನೋಡಿದಳು. ಒಂದು ಸಂಖ್ಯೆ ಹೇಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

“ಇಬ್ಬರು,” ಎಂದೆ.

ಪೇಂಟರ್ ಮೆಲ್ಲಗೆ ತಲೆಯಾಡಿಸಿದ. ಕೋಪವಿರಲಿಲ್ಲ.

“ಚಿತ್ರ ಹೇಗಿದೆ ಅಂತ ನೀನು ಹೇಳ್ಲೇ ಇಲ್ವಲ್ಲೋ...”

“ಚೆನ್ನಾಗಿದೆ,” ಎಂದೆ. “ಜೈಲಿಗೆ ಹೋಗೋವಷ್ಟು ಚೆನ್ನಾಗಿದೆ.”