ಒಂಟೆ ಓಟದ ದಿನ

"ಒಂಟೆ ಅಂದ್ರೆ ಎಂಗಿರ್ತದೆ ಬಾವ?"

ಹೆಮ್ಮಿಗೆಯ ಹೊಳೆಯಲ್ಲಿ ಎಮ್ಮೆಯ ಮೈ ಉಜ್ಜುತ್ತಿದ್ದ ಸಣ್ಣತಾಯಿ ತಲೆಯೆತ್ತದೆ ಕೇಳಿದಳು. ಕೇಳಿದ ಮೇಲೆ ಎಮ್ಮೆಯ ಬೆನ್ನಿನಾಚೆಯಿಂದ ಕಣ್ಣಷ್ಟೇ ಕಾಣುವಂತೆ ಇಣುಕಿದಳು. ಆ ಕಣ್ಣು ಕಂಡರೆ ಬೆಟ್ಟಯ್ಯನಿಗೆ ಮಾತು ತಡವರಿಸುತ್ತಿತ್ತು.

ತಗಡೂರಿನ ಬೆಟ್ಟಯ್ಯ ಮಹಾರಾಜರ ಕುದುರೆ ಪಡೆಯೊಂದಿಗೆ ಹಡಗು ಹತ್ತಿ, ಈಜಿಪ್ಟಿನಲ್ಲಿ ನಾಲ್ಕು ವರ್ಷ ಕುದುರೆಗಳ ಚಾಕರಿ ಮಾಡಿ, ಯುದ್ಧ ಮುಗಿದ ಮೇಲೆ ಮರಳಿದ್ದ. ಜೊತೆಗೆ ಹೋಗಿದ್ದ ಸಣ್ಣತಾಯಿಯ ಅಣ್ಣ ಚಿಕ್ಕಸ್ವಾಮಿ ಅಲ್ಲೇ ಜ್ವರಕ್ಕೆ ತೀರಿಕೊಂಡಿದ್ದ. ಇನ್ನೊಂದು ತಿಂಗಳಿಗೆ ಇವರಿಬ್ಬರ ಮದುವೆ. "ನನ್ ಮಗ ಇವನ ತೊಡೆ ಮ್ಯಾಲೆ ಕಣ್ಮುಚ್ಚಿದ. ಇವನ್ಗಲ್ದೆ ಇನ್ಯಾರಿಗೆ ಕೊಡ್ಲಿ ಮಗಳ್ನ?" ಎನ್ನುತ್ತಿದ್ದಳು ತಾಯಿ ಮಂಚಮ್ಮ. ತೊಡೆಯ ಮೇಲೆ ಕಣ್ಮುಚ್ಚಿದನೆಂದು ಅಲ್ಲಿಂದ ಕಾಗದ ಬರೆಸಿದ್ದವನು ಬೆಟ್ಟಯ್ಯನೇ.

"ಎಂಗಿರ್ತದೆ ಅಂದ್ರೆ... ನಮ್ಮೂರ ಪಟೇಲ್ರ ಮಕ ಇದ್ದಂಗಿರ್ತದೆ. ಓಡ್ಸಿದ್ರೆ ಕೂತ್ಕೊಳ್ತದೆ, ಕೂರ್ಸಿದ್ರೆ ಓಡ್ತದೆ."

ಅವಳು ಕಿಸಕ್ಕೆಂದಳು. ಅಣ್ಣ ಹೋದ ಮೇಲೆ ಅವಳು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಆ ನಗು ಇನ್ನಷ್ಟು ಬೇಕೆನಿಸಿ ಅವನು ಒಂಟೆ ಓಟದ ಕಥೆ ಶುರು ಮಾಡಿದ. ದಂಡಿನ ಬಿಡಾರದ ಬಯಲಿನಲ್ಲಿ ಪಂದ್ಯ, ಸಾಲಾಗಿ ಹನ್ನೆರಡು ಒಂಟೆ. ಬಾವುಟ ಬೀಸಿದರೂ ಒಂದೂ ಕದಲಲಿಲ್ಲ. ಒಂದು ಗಂಟೆ ಕಾದ ಮೇಲೆ ಎಲ್ಲವೂ ಒಟ್ಟಿಗೆ ಹಿಂದಕ್ಕೆ ತಿರುಗಿ, ಓಟ ನೋಡಲು ಬಂದವರ ಮೇಲೆಯೇ ನುಗ್ಗಿದವು. ದಪ್ಪ ಕರ್ನಲ್ ದೊರೆ ಕುರ್ಚಿ ಸಮೇತ ಉರುಳಿದ.

ಸಣ್ಣತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಳ್ಳುತ್ತ, "ಅಯ್ಯೋ, ನಮ್ಮಣ್ಣ ಎಷ್ಟು ನಕ್ಕಿರ್ಬೇಕು!" ಎಂದಳು.

ನಕ್ಕ ಎಂದರೆ ಮುಗಿಯುತ್ತಿತ್ತು. ಆದರೆ ಅವಳ ಮುಖ ನೋಡುತ್ತ ಇನ್ನೊಂದು ಸುಳ್ಳು ಹೇಳಲು ಬೆಟ್ಟಯ್ಯನಿಂದ ಆಗಲಿಲ್ಲ.

"ಅವನು ಬಂದಿರ್ಲಿಲ್ಲ ಸಣ್ಣತಾಯಿ. ಜ್ವರದಲ್ಲಿ ಮಲಗಿದ್ದ. ಎಲ್ಲೂ ಓಗ್ಬೇಡ ಕಣ್ಲಾ ಅಂತ ಕೈ ಇಡ್ಕೊಂಡಿದ್ದ. ಈಗ್ ಬಂದೆ ಅಂತ ಬಿಡಿಸ್ಕೊಂಡು ಓಟ ನೋಡಾಕೆ ಓದೆ. ವಾಪಸ್ ಬಂದಾಗ ಮಂಚ ಖಾಲಿ ಇತ್ತು."

ಹೊಳೆಯ ನೀರು ಎಮ್ಮೆಯ ಕಾಲಿಗೆ ಬಡಿಯುತ್ತಿತ್ತು. ಅವಳು ಕೇಳಿದಳು, "ನೀನಿದ್ದಿದ್ರೆ ಉಳೀತಿದ್ನಾ?"

"ಇಲ್ಲ ಅಂದ್ರು ಡಾಕ್ಟ್ರು. ಆದ್ರೆ ಬೆಟ್ಟಾ ಬೆಟ್ಟಾ ಅಂತ ಕೂಗ್ತಿದ್ನಂತೆ. ನಾನಿದ್ದಿದ್ರೆ 'ಓ' ಅಂತಿದ್ದೆ."

ಅವಳು ಎಮ್ಮೆಯನ್ನು ದಡಕ್ಕೆ ಹೊಡೆದಳು. "ನಡಿ. ನಮ್ಮವ್ವಂಗೆ ನೀನೇ ಯೋಳ್ಬೇಕು."

ಮಂಚಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ. ಅವಳ ಕೈ ನಿಂತಿತು.

"ಆಗ ಜೊತೇಲಿ ಯಾರಿದ್ರಪ್ಪ?"

"ನಮ್ಮೋರು ಯಾರೂ ಇರ್ಲಿಲ್ಲ ಅತ್ತೆ."

ಅವಳು ಕಣ್ಣು ಮುಚ್ಚಿದಳು. "ಒಂದ್ಸಲ ಅತ್ತು ಮುಗ್ಸಿದ್ದೆ. ಈಗ ಮೊದ್ಲಿಂದ ಅಳ್ಬೇಕು. ನೀನು ಎದ್ರಿಗಿದ್ರೆ ಆಗಾಕಿಲ್ಲ, ಓಗಪ್ಪ. ಮದ್ವೆ ಈಗ ಬ್ಯಾಡ, ದೀಪಾವಳಿ ಕಳೀಲಿ. ಆಮೇಲೆ ನಿಮ್ಮ ದೊಡ್ಡೋರ್ನ ಕಳ್ಸು, ನೋಡಾಣ."

ಅವನು ಅವಳ ಕಾಲು ಮುಟ್ಟಿ ಹೊರಟ. ಬೀದಿಯ ತಿರುವಿನಲ್ಲಿ ಹಿಂದೆ ಹೆಜ್ಜೆ ಸದ್ದಾಯಿತು.

"ಅಷ್ಟು ದಿನ ಕಾಯ್ತೀಯಾ?" ಎಂದ, ತಿರುಗಲು ಧೈರ್ಯವಿಲ್ಲದೆ.

"ಸಿಟ್ಟು ಇಳ್ದಿಲ್ಲ ನಂಗೆ. ಇಳಿಯಾಕೂ ದಿನ ಬೇಕು." ಸಣ್ಣತಾಯಿಯ ದನಿ ಅಳುವಿನಿಂದ ಒದ್ದೆಯಾಗಿತ್ತು. ಅವಳೇ ಮೆಲ್ಲಗೆ ಹೇಳಿದಳು, "ದೊಡ್ಡೋರ್ನ ಕಳ್ಸುವಾಗ ನೀನೂ ಬಾ ಬಾವ. ಅವರ್ನ ಮಾತ್ರ ಕಳಿಸ್ಬೇಡ."